ಸಾಮಾಜಿಕ ಉದ್ಯಮಕ್ಕೆ ಸಲಹಾ ಮತ್ತು ಮಾರ್ಕೆಟಿಂಗ್ ಕೆಲಸ: ವಿದ್ಯಾರ್ಥಿ ತಂಡಗಳಿಗೆ ಹಂತ ಹಂತದ ಮಾರ್ಗದರ್ಶಿ

ಲಾಭದ ಉದ್ದೇಶವಿಲ್ಲದ ಒಂದು ಸಾಮಾಜಿಕ ಉದ್ಯಮಕ್ಕೆ ತಮ್ಮ ತಂಡ ಸಲಹಾ ಕೆಲಸ ಮಾಡಿಕೊಡಲು ಒಪ್ಪಿದೆ, ಆದರೆ ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ ಎಂದು ವಾಣಿಜ್ಯ, ನಿರ್ವಹಣಾಶಾಸ್ತ್ರ, ಸಮಾಜಕಾರ್ಯ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುತ್ತಾರೆ. ಸಾಮಾನ್ಯವಾಗಿ ಅವರ ಕೈಯಲ್ಲಿರುವುದು ಹತ್ತು ಹನ್ನೆರಡು ವಾರಗಳ ಅವಧಿ, ನಾಲ್ಕೈದು ಮಂದಿಯ ತಂಡ, ಒಬ್ಬ ಅಧ್ಯಾಪಕರ ಮೇಲ್ವಿಚಾರಣೆ ಮತ್ತು ‘ನಮ್ಮನ್ನು ಹೆಚ್ಚು ಜನರಿಗೆ ತಲುಪಿಸಿಕೊಡಿ’ ಎಂಬ ಸಂಸ್ಥೆಯ ಅಸ್ಪಷ್ಟ ಕೋರಿಕೆ. ಇಷ್ಟನ್ನೇ ಇಟ್ಟುಕೊಂಡು ಸಂಸ್ಥೆಗೆ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸವನ್ನು ಹೇಗೆ ಮಾಡಬಹುದೆಂಬುದನ್ನು ಈ ಲೇಖನದಲ್ಲಿ ವಿವರಿಸಿದ್ದೇನೆ.

ಆರಂಭದಲ್ಲಿಯೇ ನನ್ನ ನಿಲುವನ್ನು ಹೇಳಿಬಿಡುತ್ತೇನೆ. ಕೊನೆಯ ದಿನ ನೀವು ಒಪ್ಪಿಸುವ ವರದಿಯ ಅಂದಚಂದದಿಂದ ಈ ಕೆಲಸದ ಬೆಲೆಯನ್ನು ಅಳೆಯಲಾಗದು. ನೀವು ಹೊರಟುಹೋದ ಮೇಲೆ ಸಂಸ್ಥೆಯ ಸಿಬ್ಬಂದಿ ನಿಮ್ಮ ನೆರವಿಲ್ಲದೆ ಏನನ್ನು ಮುಂದುವರಿಸಿಕೊಂಡು ಹೋಗಬಲ್ಲರು ಎಂಬುದರಿಂದ ಅದನ್ನು ಅಳೆಯಬೇಕು. ಕೆಳಗಿನ ಪ್ರತಿಯೊಂದು ಹಂತವೂ ಈ ಅಳತೆಗೆ ಹೊಂದಿಕೊಂಡೇ ಇದೆ.

ಮೊದಲು ಕೆಲವು ಪದಗಳು

ಸಾಮಾಜಿಕ ಉದ್ಯಮ ಎಂದರೆ ಒಂದು ಸಾಮಾಜಿಕ ಉದ್ದೇಶಕ್ಕಾಗಿ ಹುಟ್ಟಿ, ಆ ಉದ್ದೇಶಕ್ಕೆ ಬೇಕಾದ ಹಣದ ಒಂದು ಭಾಗವನ್ನಾದರೂ ವಸ್ತು ಅಥವಾ ಸೇವೆಯ ಮಾರಾಟದಿಂದ ಗಳಿಸುವ ಸಂಸ್ಥೆ. ಲಾಭರಹಿತ ಎಂದ ಮಾತ್ರಕ್ಕೆ ಅದು ಹಣ ಉಳಿಸಬಾರದು ಎಂದರ್ಥವಲ್ಲ. ಉಳಿದ ಹಣ ಮಾಲೀಕರ ಜೇಬಿಗೆ ಹೋಗದೆ ಉದ್ದೇಶಕ್ಕೇ ಮರಳುತ್ತದೆ ಎಂದಷ್ಟೇ ಅರ್ಥ. 1976ರಲ್ಲಿ ಡಾ. ಜಿ. ವೆಂಕಟಸ್ವಾಮಿ ಅವರು ಮಧುರೆಯಲ್ಲಿ 11 ಹಾಸಿಗೆಗಳೊಂದಿಗೆ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಹಣ ಕೊಡಬಲ್ಲ ರೋಗಿಗಳಿಂದ ಬರುವ ಆದಾಯವು ಕೊಡಲಾಗದವರ ಚಿಕಿತ್ಸೆಯನ್ನೂ ಹೊರುತ್ತದೆ. 1991ರಲ್ಲಿ ಲಂಡನ್‌ನಲ್ಲಿ ಆರಂಭವಾದ ‘ದಿ ಬಿಗ್ ಇಶ್ಯೂ’ ಪತ್ರಿಕೆ ಇನ್ನೊಂದು ಬಗೆಯದು. ವಸತಿಯಿಲ್ಲದವರು ಪತ್ರಿಕೆಯ ಪ್ರತಿಗಳನ್ನು ಕಡಿಮೆ ಬೆಲೆಗೆ ಕೊಂಡು, ಮುಖಬೆಲೆಗೆ ಮಾರಿ, ನಡುವಿನ ಹಣವನ್ನು ತಮ್ಮ ದುಡಿಮೆಯಾಗಿ ಇಟ್ಟುಕೊಳ್ಳುತ್ತಾರೆ.

ಈ ಎರಡು ಉದಾಹರಣೆಗಳಲ್ಲಿ ಹಣ ಕೊಡುವವರು ಮತ್ತು ಪ್ರಯೋಜನ ಪಡೆಯುವವರು ಒಬ್ಬರೇ ಅಲ್ಲ ಎಂಬುದನ್ನು ಗಮನಿಸಿ. ಪ್ರಯೋಜನ ಪಡೆಯುವವರನ್ನು ಫಲಾನುಭವಿಗಳು ಎನ್ನುತ್ತಾರೆ, ವಸ್ತುವನ್ನು ಕೊಳ್ಳುವವರು ಗ್ರಾಹಕರು, ಇವರಿಬ್ಬರ ಜೊತೆಗೆ ದಾನಿಗಳೂ ಅನುದಾನ ನೀಡುವ ಪ್ರತಿಷ್ಠಾನಗಳೂ ಇರುತ್ತವೆ. ಸಾಮಾನ್ಯ ಅಂಗಡಿಗೆ ಮಾರ್ಕೆಟಿಂಗ್ ಮಾಡುವುದಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ: ನೀವು ಒಂದೇ ಸಂಸ್ಥೆಯ ಪರವಾಗಿ ಮೂರು ಬೇರೆ ಬೇರೆ ಗುಂಪುಗಳೊಂದಿಗೆ ಮಾತನಾಡಬೇಕಾಗುತ್ತದೆ, ಮತ್ತು ಒಂದು ಗುಂಪಿಗೆ ಹೇಳಿದ ಮಾತು ಮತ್ತೊಂದು ಗುಂಪಿನ ಕಿವಿಗೂ ಬೀಳುತ್ತದೆ.

ಹಂತ 1: ಸಂಸ್ಥೆಗಿಂತ ಮೊದಲು ವ್ಯಕ್ತಿಯನ್ನು ಹುಡುಕಿ

ಹಲವು ವಿಶ್ವವಿದ್ಯಾಲಯಗಳಲ್ಲಿ ಈ ಕೆಲಸಕ್ಕೆಂದೇ ವಿದ್ಯಾರ್ಥಿ ಸಂಘಗಳಿವೆ. 1975ರಲ್ಲಿ ಅಮೆರಿಕದಲ್ಲಿ ಬೇರೆ ಹೆಸರಿನಿಂದ ಆರಂಭವಾಗಿ 2012ರಿಂದ ಎನಾಕ್ಟಸ್ ಎಂದು ಕರೆಸಿಕೊಳ್ಳುತ್ತಿರುವ ಸಂಸ್ಥೆ ಮತ್ತು 2007ರಲ್ಲಿ ಸಿಡ್ನಿಯಲ್ಲಿ ಹುಟ್ಟಿದ 180 ಡಿಗ್ರೀಸ್ ಕನ್ಸಲ್ಟಿಂಗ್ ಇವುಗಳಲ್ಲಿ ಪ್ರಮುಖವಾದವು. ನಿಮ್ಮ ಕಾಲೇಜಿನಲ್ಲಿ ಇಂಥ ಶಾಖೆ ಇದ್ದರೆ ಹಿಂದಿನ ತಂಡಗಳ ಅನುಭವವೂ ಒಪ್ಪಂದದ ಮಾದರಿಗಳೂ ಸುಲಭವಾಗಿ ಸಿಗುತ್ತವೆ. ಇಲ್ಲದಿದ್ದರೆ ಅಧ್ಯಾಪಕರೊಬ್ಬರ ಬೆಂಬಲದೊಂದಿಗೆ ನೀವೇ ಸಂಸ್ಥೆಗಳನ್ನು ನೇರವಾಗಿ ಸಂಪರ್ಕಿಸಬಹುದು, ಅದರಲ್ಲಿ ಸಂಕೋಚಪಡಬೇಕಾದದ್ದೇನೂ ಇಲ್ಲ.

ಸಂಸ್ಥೆಯ ಹೆಸರು ಎಷ್ಟು ದೊಡ್ಡದೆಂಬುದನ್ನು ನೋಡಿ ಆರಿಸಬೇಡಿ. ವಾರಕ್ಕೆ ಒಂದು ಗಂಟೆಯನ್ನು ನಿಮಗಾಗಿ ಕೊಡಬಲ್ಲ, ನಿಮ್ಮ ಸಲಹೆಯನ್ನು ಜಾರಿಗೆ ತರುವ ಅಧಿಕಾರವುಳ್ಳ ಒಬ್ಬ ವ್ಯಕ್ತಿ ಅಲ್ಲಿ ಇದ್ದಾರೆಯೇ ಎಂದು ನೋಡಿ. ಮೊದಲ ಭೇಟಿಯಲ್ಲೇ ‘ನಾವು ಸೂಚಿಸಿದ್ದನ್ನು ಮಾಡುವವರು ಯಾರು?’ ಎಂದು ವಿನಯದಿಂದ ಕೇಳಿ. ಉತ್ತರವಾಗಿ ಒಬ್ಬರ ಹೆಸರು ಬಂದರೆ ಮುಂದುವರಿಯಿರಿ. ‘ಅದನ್ನು ಆಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಆ ಪ್ರಶ್ನೆ ಇತ್ಯರ್ಥವಾಗುವ ತನಕ ಒಪ್ಪಂದಕ್ಕೆ ಸಹಿ ಹಾಕಬೇಡಿ. ಸಣ್ಣ ಸಂಸ್ಥೆಗಳಲ್ಲಿ ಒಬ್ಬರೇ ಲೆಕ್ಕ ಬರೆಯುತ್ತಾರೆ, ಅನುದಾನದ ಅರ್ಜಿ ತುಂಬುತ್ತಾರೆ, ಸಾಮಾಜಿಕ ಜಾಲತಾಣದ ಪುಟವನ್ನೂ ನೋಡಿಕೊಳ್ಳುತ್ತಾರೆ. ನಿಮ್ಮೊಂದಿಗೆ ಕಳೆಯುವ ಪ್ರತಿ ಗಂಟೆಯನ್ನು ಅವರು ಬೇರೊಂದು ಕೆಲಸದಿಂದ ಕಡಿದು ಕೊಡುತ್ತಿರುತ್ತಾರೆ. ವಿದ್ಯಾರ್ಥಿಗಳ ಸೇವೆ ಉಚಿತ ಎಂಬ ಮಾತು ಈ ಕಾರಣಕ್ಕೆ ಪೂರ್ಣ ಸತ್ಯವಲ್ಲ.

ಹಂತ 2: ಪ್ರಶ್ನೆಯನ್ನು ಕಿರಿದುಗೊಳಿಸಿ

ಸಂಸ್ಥೆ ಮೊದಲು ಹೇಳುವ ಸಮಸ್ಯೆ ಬಹುಮಟ್ಟಿಗೆ ಸಮಸ್ಯೆಯ ಲಕ್ಷಣವಾಗಿರುತ್ತದೆ. ‘ನಮಗೆ ಹೊಸ ಜಾಲತಾಣ ಬೇಕು’ ಎಂಬ ಕೋರಿಕೆಯ ಹಿಂದೆ ಮಾರಾಟ ಕುಸಿದಿರುವುದಿರಬಹುದು, ದಾನಿಯೊಬ್ಬರು ಆಕ್ಷೇಪಿಸಿರಬಹುದು, ಅಥವಾ ಹಳೆಯ ಜಾಲತಾಣದ ಪಾಸ್‌ವರ್ಡ್ ಕಳೆದುಹೋಗಿ ಅದನ್ನು ತಿದ್ದಲು ಯಾರಿಗೂ ಆಗದಿರುವುದೂ ಇರಬಹುದು. ಈ ಮೂರಕ್ಕೂ ಪರಿಹಾರ ಬೇರೆ ಬೇರೆ, ಮತ್ತು ಮೂರನೆಯದಕ್ಕೆ ಹನ್ನೆರಡು ವಾರಗಳ ಅಗತ್ಯವೇ ಇಲ್ಲ.

ಆದ್ದರಿಂದ ಮೊದಲ ಎರಡು ವಾರಗಳಲ್ಲಿ ಒಂದೇ ಒಂದು ವಾಕ್ಯವನ್ನು ಬರೆಯಲು ಪ್ರಯತ್ನಿಸಿ: ಯಾವ ತೀರ್ಮಾನವನ್ನು, ಯಾರು, ಯಾವ ದಿನಾಂಕದೊಳಗೆ ತೆಗೆದುಕೊಳ್ಳಬೇಕಾಗಿದೆ? ‘ಸಂಸ್ಥೆಯ ಬ್ರ್ಯಾಂಡ್ ಬಲಪಡಿಸುವುದು’ ಎಂಬುದು ಪ್ರಶ್ನೆಯಲ್ಲ. ‘ಮುಂದಿನ ವರ್ಷ ಚಿಲ್ಲರೆ ಗ್ರಾಹಕರಿಗೆ ನೇರವಾಗಿ ಮಾರುವುದನ್ನು ಮುಂದುವರಿಸಬೇಕೇ, ಅಥವಾ ಕಂಪನಿಗಳಿಂದ ಸಗಟು ಬೇಡಿಕೆ ಪಡೆಯುವತ್ತ ಗಮನ ಹರಿಸಬೇಕೇ ಎಂಬುದನ್ನು ನಿರ್ದೇಶಕರು ಆಡಳಿತ ಮಂಡಳಿಯ ಮುಂದಿನ ಸಭೆಯೊಳಗೆ ತೀರ್ಮಾನಿಸಬೇಕು’ ಎಂಬುದು ಪ್ರಶ್ನೆ. ಎರಡನೆಯ ಬಗೆಯ ವಾಕ್ಯ ಕೈಗೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ.

ಇಲ್ಲಿ ಎಚ್ಚರಿಕೆಯ ಒಂದು ಮಾತು. ತಂಡದಲ್ಲಿ ಐದು ಮಂದಿ ಇದ್ದಾರೆಂದು ಐದು ಸಮಸ್ಯೆಗಳನ್ನು ಹಂಚಿಕೊಳ್ಳುವ ಪದ್ಧತಿಯನ್ನು ಬಹಳ ಕಡೆ ನೋಡಿದ್ದೇನೆ. ಅಂಕ ಹಂಚಲು ಅದು ಅನುಕೂಲ, ಸಂಸ್ಥೆಗೆ ಮಾತ್ರ ಐದು ಅರ್ಧಂಬರ್ಧ ಉತ್ತರಗಳು ಉಳಿಯುತ್ತವೆ. ಒಂದೇ ಪ್ರಶ್ನೆಯನ್ನು ಐದು ಮಂದಿ ಸೇರಿ ಬಿಡಿಸಿ.

ಹಂತ 3: ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ

ಎರಡು ಪುಟಗಳ ಒಪ್ಪಂದ ಪತ್ರ ಸಾಕು. ಕನ್ಸಲ್ಟಿಂಗ್ ವಲಯದಲ್ಲಿ ಸ್ಕೋಪ್ ಎಂದು ಕರೆಯುವ ಕೆಲಸದ ವ್ಯಾಪ್ತಿ, ಡೆಲಿವರಬಲ್ ಎಂದು ಕರೆಯುವ ಒಪ್ಪಿಸಬೇಕಾದ ಫಲಿತಗಳು, ದಿನಾಂಕಗಳು, ಎರಡೂ ಕಡೆಯ ಒಬ್ಬೊಬ್ಬ ಜವಾಬ್ದಾರ ವ್ಯಕ್ತಿ, ಪ್ರಯಾಣ ಮತ್ತು ಮುದ್ರಣದ ಖರ್ಚು ಯಾರದೆಂಬುದು ಇದರಲ್ಲಿ ಇರಲಿ. ‘ಈ ಅವಧಿಯಲ್ಲಿ ನಾವು ಮಾಡದಿರುವ ಕೆಲಸಗಳು’ ಎಂಬ ಒಂದು ಪ್ಯಾರಾವನ್ನು ತಪ್ಪದೆ ಸೇರಿಸಿ. ಕೆಲಸ ನಡೆಯುತ್ತಿರುವಾಗ ‘ಹೇಗೂ ಬಂದಿದ್ದೀರಿ, ವಾರ್ಷಿಕ ವರದಿಯನ್ನೂ ವಿನ್ಯಾಸ ಮಾಡಿಕೊಡಿ’ ಎಂಬ ಕೋರಿಕೆ ಬರುವುದು ಸಹಜ. ಹೀಗೆ ವ್ಯಾಪ್ತಿ ಸದ್ದಿಲ್ಲದೆ ಹಿಗ್ಗಿದಾಗ ಆ ಪ್ಯಾರಾ ನಿಮ್ಮ ನೆರವಿಗೆ ಬರುತ್ತದೆ.

ಗೋಪ್ಯತೆಯ ವಿಷಯವನ್ನು ಹಗುರವಾಗಿ ನೋಡಬೇಡಿ. ದಾನಿಗಳ ಪಟ್ಟಿ, ಫಲಾನುಭವಿಗಳ ವಿವರ, ಸಿಬ್ಬಂದಿಯ ಸಂಬಳ ಇವೆಲ್ಲ ನಿಮ್ಮ ಕಣ್ಣಿಗೆ ಬೀಳಬಹುದು. ಹೆಸರು, ದೂರವಾಣಿ ಸಂಖ್ಯೆಗಳನ್ನು ತೆಗೆದುಹಾಕಿದ ಪ್ರತಿಯನ್ನೇ ಕೇಳಿ ಪಡೆಯಿರಿ, ವೈಯಕ್ತಿಕ ಫೋನುಗಳಲ್ಲಿ ಉಳಿಸಿಕೊಳ್ಳಬೇಡಿ, ಮುಗಿದ ಮೇಲೆ ಅಳಿಸಿದ್ದೀರೆಂದು ಬರೆದುಕೊಡಿ. ಮಾಡಿದ ಕೆಲಸವನ್ನು ನಿಮ್ಮ ಉದ್ಯೋಗದ ಅರ್ಜಿಯಲ್ಲಿ ಅಥವಾ ತರಗತಿಯ ಪ್ರಾತ್ಯಕ್ಷಿಕೆಯಲ್ಲಿ ತೋರಿಸಬಹುದೇ, ಎಷ್ಟರಮಟ್ಟಿಗೆ ತೋರಿಸಬಹುದು ಎಂಬುದನ್ನೂ ಇದೇ ಪತ್ರದಲ್ಲಿ ತೀರ್ಮಾನಿಸಿಕೊಳ್ಳಿ.

ಹಂತ 4: ಸಲಹೆ ಕೊಡುವ ಮೊದಲು ನೋಡಿ, ಕೇಳಿ

ಈ ಹಂತಕ್ಕೆ ಕನಿಷ್ಠ ಮೂರು ವಾರ ಮೀಸಲಿಡಿ. ತಂಡದ ಪ್ರತಿಯೊಬ್ಬರೂ ಒಂದು ಪೂರ್ತಿ ದಿನ ಸಂಸ್ಥೆಯ ಕೆಲಸ ನಡೆಯುವ ಸ್ಥಳದಲ್ಲಿ ಇರಬೇಕು: ಮಾರಾಟ ನಡೆಯುವಲ್ಲಿ, ಉತ್ಪಾದನೆ ನಡೆಯುವಲ್ಲಿ, ದೂರುಗಳು ಬರುವಲ್ಲಿ. ಕಾಗದದ ಮೇಲೆ ಚೆನ್ನಾಗಿ ಕಾಣುವ ಮಾದರಿ ನೆಲದ ಮೇಲೆ ಹೇಗೆ ತಪ್ಪಬಹುದು ಎಂಬುದಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಪ್ಲೇಪಂಪ್ ಯೋಜನೆಯನ್ನು ಅಭ್ಯಾಸ ಮಾಡಿ. ಮಕ್ಕಳು ಆಡುವ ತಿರುಗಣೆಯ ಬಲದಿಂದ ಅಂತರ್ಜಲವನ್ನು ತೊಟ್ಟಿಗೆ ಏರಿಸುವುದು, ತೊಟ್ಟಿಯ ಸುತ್ತಲಿನ ಫಲಕಗಳ ಮೇಲಿನ ಜಾಹೀರಾತಿನ ಆದಾಯದಿಂದ ಪಂಪಿನ ನಿರ್ವಹಣೆ ಮಾಡುವುದು ಅದರ ಆಲೋಚನೆ. ಮಕ್ಕಳ ನಗುವಿನ ಚಿತ್ರಗಳು ಜಗತ್ತಿನ ಮನಸ್ಸನ್ನು ಗೆದ್ದವು. 2006ರಲ್ಲಿ ಅಮೆರಿಕದಲ್ಲಿ ಇದಕ್ಕೆ 1.64 ಕೋಟಿ ಡಾಲರ್ ನೆರವು ಘೋಷಣೆಯಾಯಿತು. ಆದರೆ ಮಕ್ಕಳು ಆಡದ ಹೊತ್ತಿನಲ್ಲಿ ಹೆಂಗಸರು ಆ ಭಾರದ ತಿರುಗಣೆಯನ್ನು ಕೈಯಿಂದ ತಳ್ಳಬೇಕಾಯಿತು, ಕೆಟ್ಟ ಪಂಪುಗಳ ದುರಸ್ತಿ ಸ್ಥಳೀಯವಾಗಿ ಸಾಧ್ಯವಾಗಲಿಲ್ಲ, ಹಲವು ಹಳ್ಳಿಗಳಲ್ಲಿ ಜಾಹೀರಾತುದಾರರೇ ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಯೋಜನೆಯ ವಿಸ್ತರಣೆ ನಿಂತಿತು. ಇಲ್ಲಿ ಮಾರ್ಕೆಟಿಂಗ್ ಸೋತಿರಲಿಲ್ಲ, ಗೆದ್ದಿತ್ತು. ಬಳಸುವವರನ್ನು ಕೇಳುವ ಮೊದಲೇ ಗೆದ್ದಿದ್ದೇ ತೊಂದರೆಯಾಯಿತು.

ಸಂದರ್ಶನಗಳಲ್ಲಿ ವಿದ್ಯಾರ್ಥಿಗಳು ಮಾಡುವ ದೊಡ್ಡ ತಪ್ಪು ಮುಂದಿನದನ್ನು ಕೇಳುವುದು. ‘ಈ ವಸ್ತುವನ್ನು ನೀವು ಕೊಳ್ಳುತ್ತೀರಾ?’ ಎಂದರೆ, ಅದರಲ್ಲೂ ಒಳ್ಳೆಯ ಉದ್ದೇಶದ ಸಂಸ್ಥೆಯ ಹೆಸರು ಹೇಳಿ ಕೇಳಿದರೆ, ಬಹುಪಾಲು ಜನ ಹೌದೆನ್ನುತ್ತಾರೆ. ಅದು ದಾಕ್ಷಿಣ್ಯದ ಉತ್ತರ. ಅದರ ಬದಲು ಆಗಿಹೋದದ್ದನ್ನು ಕೇಳಿ: ಇಂಥ ವಸ್ತುವನ್ನು ಕೊನೆಯ ಬಾರಿ ಯಾವಾಗ ಕೊಂಡಿರಿ, ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಬೇರೆ ಯಾವುದನ್ನು ನೋಡಿ ಬಿಟ್ಟಿರಿ? ಒಮ್ಮೆ ಕೊಂಡು ಮತ್ತೆ ಬಾರದ ಗ್ರಾಹಕರನ್ನು ವಿಶೇಷವಾಗಿ ಹುಡುಕಿ ಮಾತನಾಡಿಸಿ. ಸಂಸ್ಥೆಯನ್ನು ಪ್ರೀತಿಸುವವರಿಂದ ಕಲಿಯುವುದಕ್ಕಿಂತ ಹೆಚ್ಚನ್ನು ಅವರಿಂದ ಕಲಿಯುವಿರಿ.

ಫಲಾನುಭವಿಗಳೊಂದಿಗೆ ಮಾತನಾಡುವಾಗ ಸಂಸ್ಥೆಯ ಸಿಬ್ಬಂದಿ ಪಕ್ಕದಲ್ಲಿ ನಿಂತಿರದಂತೆ ನೋಡಿಕೊಳ್ಳಿ, ಉತ್ತರಿಸದಿದ್ದರೂ ಅವರಿಗೆ ಸಿಗುವ ಸೌಲಭ್ಯ ನಿಲ್ಲುವುದಿಲ್ಲ ಎಂಬುದನ್ನು ಸ್ಪಷ್ಟವಾಗಿ ತಿಳಿಸಿ, ಮತ್ತು ನೀವು ಈಡೇರಿಸಲಾಗದ ನಿರೀಕ್ಷೆಯನ್ನು ಅವರಲ್ಲಿ ಹುಟ್ಟಿಸಬೇಡಿ.

ಹಂತ 5: ಮಾರ್ಕೆಟಿಂಗ್‌ಗೆ ಮೊದಲು ಲೆಕ್ಕ

ಹೆಚ್ಚಿನ ತಂಡಗಳು ಈ ಹಂತವನ್ನು ಹಾರಿಸಿ ನೇರವಾಗಿ ಲೋಗೊ, ಪೋಸ್ಟರ್, ವಿಡಿಯೊಗಳಿಗೆ ಹೋಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ. ಒಂದೊಂದು ಮಾರಾಟದಲ್ಲೂ ಸಂಸ್ಥೆ ಹಣ ಕಳೆದುಕೊಳ್ಳುತ್ತಿದ್ದರೆ, ನಿಮ್ಮ ಯಶಸ್ವಿ ಪ್ರಚಾರವು ಆ ನಷ್ಟವನ್ನು ವೇಗವಾಗಿ ಹೆಚ್ಚಿಸುತ್ತದೆ.

ತಿಳಿದುಕೊಳ್ಳಬೇಕಾದ ಪದಗಳು ಮೂರೇ. ಮಾರಾಟದ ಸಂಖ್ಯೆಯೊಂದಿಗೆ ಏರಿಳಿಯುವ ಖರ್ಚು ಬದಲಾಗುವ ವೆಚ್ಚ. ಏನೂ ಮಾರದಿದ್ದರೂ ತಿಂಗಳು ತಿಂಗಳು ಬರುವ ಬಾಡಿಗೆ, ಸಂಬಳದಂಥದು ಸ್ಥಿರ ವೆಚ್ಚ. ಬೆಲೆಯಿಂದ ಬದಲಾಗುವ ವೆಚ್ಚವನ್ನು ಕಳೆದಾಗ ಸಿಗುವುದು ಪ್ರತಿ ವಸ್ತುವಿನ ಉಳಿಕೆ. ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಬಟ್ಟೆಯ ಚೀಲವೊಂದರ ಬೆಲೆ 100 ಎಂದಿಟ್ಟುಕೊಳ್ಳಿ. ಬಟ್ಟೆಗೆ 35, ಹೊಲಿಗೆಯ ಕೂಲಿಗೆ 30, ಪ್ಯಾಕಿಂಗ್ ಮತ್ತು ಸಾಗಣೆಗೆ 15, ಹಣ ಪಾವತಿಯ ಶುಲ್ಕಕ್ಕೆ 3 ಹೋದರೆ ಉಳಿಕೆ 17. ತಿಂಗಳ ಸ್ಥಿರ ವೆಚ್ಚ 8,500 ಆಗಿದ್ದರೆ 500 ಚೀಲ ಮಾರಿದಾಗ ಲಾಭವೂ ಇಲ್ಲದ ನಷ್ಟವೂ ಇಲ್ಲದ ಸಮಸ್ಥಿತಿ ಬರುತ್ತದೆ.

ಈಗ ತಂಡದ ಒಬ್ಬರು ಶೇ 10ರ ರಿಯಾಯಿತಿಯ ಪ್ರಚಾರವನ್ನು ಸೂಚಿಸುತ್ತಾರೆ ಎನ್ನಿ. ಬೆಲೆ 90ಕ್ಕೆ ಇಳಿಯುತ್ತದೆ, ಖರ್ಚುಗಳು ಹಾಗೆಯೇ ಇರುತ್ತವೆ, ಉಳಿಕೆ 7ಕ್ಕೆ ಕುಸಿಯುತ್ತದೆ. ಅದೇ ಸಮಸ್ಥಿತಿಗೆ ಈಗ 1,215 ಚೀಲಗಳನ್ನು ಮಾರಬೇಕು. ಬೆಲೆಯಲ್ಲಿ ಹತ್ತರಲ್ಲಿ ಒಂದು ಭಾಗ ಬಿಟ್ಟುಕೊಟ್ಟಿದ್ದಕ್ಕೆ ಮಾರಾಟ ಎರಡೂಕಾಲು ಪಟ್ಟಿಗಿಂತ ಹೆಚ್ಚಾಗಬೇಕಾಯಿತು! ಅಷ್ಟು ಚೀಲ ಹೊಲಿಯಲು ಕೈಗಳಿವೆಯೇ ಎಂಬುದು ಬೇರೆಯೇ ಪ್ರಶ್ನೆ. ಈ ಒಂದು ಪುಟದ ಲೆಕ್ಕವನ್ನು ಸಂಸ್ಥೆಯ ನಿರ್ದೇಶಕರ ಎದುರು ಕುಳಿತು, ಅವರದೇ ಅಂಕಿಗಳಿಂದ ಮಾಡಿ ತೋರಿಸಿದರೆ, ಹಲವು ಸಲ ಇಡೀ ಯೋಜನೆಯ ಅತ್ಯಂತ ಉಪಯುಕ್ತ ಭಾಗ ಅದೇ ಆಗುತ್ತದೆ.

ಲೆಕ್ಕ ಹಾಕುವಾಗ ಎರಡು ಸಂಗತಿಗಳು ಕಣ್ತಪ್ಪುತ್ತವೆ. ಮೊದಲನೆಯದಾಗಿ, ಸ್ವಯಂಸೇವಕರು ಉಚಿತವಾಗಿ ಮಾಡುವ ಕೆಲಸವನ್ನು ಸೊನ್ನೆ ಎಂದು ಬರೆಯುತ್ತಾರೆ. ಆ ಸ್ವಯಂಸೇವಕರು ನಾಳೆ ಬಾರದಿದ್ದರೆ ಯಾರಿಗೆ ಎಷ್ಟು ಕೊಟ್ಟು ಆ ಕೆಲಸ ಮಾಡಿಸಬೇಕಾದೀತೆಂಬುದನ್ನು ಪಕ್ಕದಲ್ಲಿ ಬರೆದಿಡಿ. ಎರಡನೆಯದಾಗಿ, ಒಂದು ಉದ್ದೇಶಕ್ಕೆಂದು ಷರತ್ತಿನೊಂದಿಗೆ ಬಂದ ಅನುದಾನವನ್ನು ಸಾಮಾನ್ಯ ಆದಾಯದೊಂದಿಗೆ ಕೂಡಿಸುತ್ತಾರೆ. ಶಾಲಾ ಪುಸ್ತಕಗಳಿಗೆಂದು ಬಂದ ಹಣವನ್ನು ಜಾಹೀರಾತಿಗೆ ಬಳಸುವಂತಿಲ್ಲ, ಅದನ್ನು ಬೇರೆ ಸಾಲಿನಲ್ಲೇ ಇಡಬೇಕು.

ಇನ್ನು, ಕೂಲಿಯ 30ನ್ನು 20ಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ ಎಂದು ತರಗತಿಯ ಅಭ್ಯಾಸದಂತೆ ಬರೆಯುವ ವಿದ್ಯಾರ್ಥಿಗಳಿದ್ದಾರೆ. ಆ ಕೂಲಿಯನ್ನು ಕೊಡುವುದಕ್ಕಾಗಿಯೇ ಸಂಸ್ಥೆ ಹುಟ್ಟಿದ್ದಿರಬಹುದು. ಸಾಮಾಜಿಕ ಉದ್ಯಮದ ಲೆಕ್ಕದಲ್ಲಿ ಕೆಲವು ಸಾಲುಗಳು ವೆಚ್ಚದಂತೆ ಕಂಡರೂ ಅವೇ ಸಂಸ್ಥೆಯ ಗುರಿ. ಯಾವ ಸಾಲುಗಳನ್ನು ಮುಟ್ಟುವಂತಿಲ್ಲ ಎಂಬುದನ್ನು ಮೊದಲೇ ಕೇಳಿ ಗುರುತು ಹಾಕಿಕೊಳ್ಳಿ.

ಹಂತ 6: ಸಂದೇಶ ಮತ್ತು ಚಿತ್ರ

ಗ್ರಾಹಕರು ಮೊದಲು ವಸ್ತುವನ್ನು ನೋಡುತ್ತಾರೆ, ಉದ್ದೇಶ ಆಮೇಲೆ. ಹೊಲಿಗೆ ಬಿಚ್ಚಿಕೊಳ್ಳುವ ಚೀಲವನ್ನು ಕರುಣೆಯಿಂದ ಒಮ್ಮೆ ಕೊಳ್ಳಬಹುದು, ಎರಡನೆಯ ಬಾರಿ ಯಾರೂ ಕೊಳ್ಳಲಾರರು. ಆದ್ದರಿಂದ ಗ್ರಾಹಕರಿಗೆ ಬರೆಯುವ ಪಠ್ಯದಲ್ಲಿ ವಸ್ತುವಿನ ಗುಣ ಮೊದಲು ಬರಲಿ, ಕೊಂಡದ್ದರಿಂದ ಆಗುವ ಒಳಿತು ಅದರ ಹಿಂದೆ ಬರಲಿ. ದಾನಿಗಳಿಗೆ ಬರೆಯುವಾಗ ಕ್ರಮ ಬೇರೆ: ಸಮಸ್ಯೆ, ಸಂಸ್ಥೆ ಮಾಡುವ ಕೆಲಸ, ಹಣ ಎಲ್ಲಿಗೆ ಹೋಗುತ್ತದೆ ಎಂಬ ವಿವರ, ಬದಲಾವಣೆಗೆ ಸಾಕ್ಷಿ. ಸಾಕ್ಷಿಯ ವಿಷಯದಲ್ಲಿ ಎರಡು ಪದಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಿ. ‘200 ಮಂದಿಗೆ ತರಬೇತಿ ಕೊಟ್ಟೆವು’ ಎಂಬುದು ಔಟ್‌ಪುಟ್, ಅಂದರೆ ಮಾಡಿದ ಕೆಲಸದ ಎಣಿಕೆ. ತರಬೇತಿ ಪಡೆದವರಲ್ಲಿ ಎಷ್ಟು ಮಂದಿಗೆ ಒಂದು ವರ್ಷದ ಬಳಿಕವೂ ಆ ಕೆಲಸದಿಂದ ಆದಾಯವಿದೆ ಎಂಬುದು ಔಟ್‌ಕಮ್, ಅಂದರೆ ಬದುಕಿನಲ್ಲಿ ಆದ ಬದಲಾವಣೆ. ಮೊದಲನೆಯದನ್ನು ಎರಡನೆಯದೆಂದು ಬರೆಯುವುದು ಅಸತ್ಯವಾಗುತ್ತದೆ, ಸಂಸ್ಥೆ ಬಯಸಿದರೂ ನೀವು ಬರೆಯಬಾರದು.

ಚಿತ್ರಗಳ ವಿಷಯದಲ್ಲಿ ನನಗೆ ರಾಜಿಯಿಲ್ಲ. ಹಸಿವಿನಿಂದ ಬಳಲುವ ಮಗುವಿನ ಮುಖವನ್ನು ತೋರಿಸಿ ಹಣ ಸಂಗ್ರಹಿಸುವ ಪದ್ಧತಿಗೆ 1980ರ ದಶಕದ ಬರಗಾಲದ ಪ್ರಚಾರಗಳ ಬಳಿಕ ತೀವ್ರ ಟೀಕೆ ಬಂತು. 1989ರಲ್ಲಿ ಯುರೋಪಿನ ಸ್ವಯಂಸೇವಾ ಸಂಸ್ಥೆಗಳು ಚಿತ್ರ ಮತ್ತು ಸಂದೇಶಗಳ ಬಗ್ಗೆ ಒಂದು ನೀತಿ ಸಂಹಿತೆಯನ್ನೇ ಒಪ್ಪಿಕೊಂಡವು. ನೀವು ಪಾಲಿಸಬಹುದಾದ ಸರಳ ಪರೀಕ್ಷೆ ಹೀಗಿದೆ: ಈ ಚಿತ್ರವನ್ನೂ ಅದರ ಕೆಳಗಿನ ಬರಹವನ್ನೂ ಚಿತ್ರದಲ್ಲಿರುವ ವ್ಯಕ್ತಿಯ ಮುಂದಿಟ್ಟು, ಅವರ ಭಾಷೆಯಲ್ಲಿ ಓದಿ ಹೇಳಲು ನಿಮಗೆ ಮುಜುಗರವಾಗುತ್ತದೆಯೇ? ಆಗುವುದಾದರೆ ಬಳಸಬೇಡಿ. ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಎಲ್ಲಿ ಪ್ರಕಟವಾಗುತ್ತದೆಂದು ಹೇಳಿ, ಆಮೇಲೆ ಬೇಡವೆಂದರೆ ತೆಗೆಯುವ ದಾರಿಯನ್ನೂ ತಿಳಿಸಿ. ಮಕ್ಕಳ ವಿಷಯದಲ್ಲಿ ಪೋಷಕರ ಒಪ್ಪಿಗೆ ಕಡ್ಡಾಯ, ಮತ್ತು ಮಗುವಿನ ಹೆಸರು, ಶಾಲೆ, ಊರು ಒಟ್ಟಿಗೆ ಎಲ್ಲಿಯೂ ಕಾಣಿಸಿಕೊಳ್ಳಬಾರದು.

ಹಂತ 7: ಒಂದು ಮಾಧ್ಯಮ, ಒಂದು ಸಣ್ಣ ಪ್ರಯೋಗ

ಐದು ಸಾಮಾಜಿಕ ಜಾಲತಾಣಗಳಲ್ಲಿ ಪುಟ ತೆರೆದುಕೊಟ್ಟು ಹೋದ ತಂಡವೊಂದನ್ನು ನಾನು ಬಲ್ಲೆ. ಆರು ತಿಂಗಳ ಬಳಿಕ ನಾಲ್ಕು ಪುಟಗಳಲ್ಲಿ ಒಂದು ಹೊಸ ಬರಹವೂ ಇರಲಿಲ್ಲ, ಗ್ರಾಹಕರು ಕೇಳಿದ್ದ ಪ್ರಶ್ನೆಗಳು ಉತ್ತರವಿಲ್ಲದೆ ಉಳಿದಿದ್ದವು. ನೋಡಿದವರಿಗೆ ಸಂಸ್ಥೆ ಮುಚ್ಚಿಹೋಗಿದೆ ಎನಿಸುವಂತಿತ್ತು. ವಾರಕ್ಕೆ ಎರಡು ಗಂಟೆಯೊಳಗೆ ಸಿಬ್ಬಂದಿ ನಡೆಸಿಕೊಂಡು ಹೋಗಬಲ್ಲ ಒಂದೇ ಮಾಧ್ಯಮವನ್ನು ಆರಿಸಿ. ಹಳೆಯ ಗ್ರಾಹಕರ ಇಮೇಲ್ ಪಟ್ಟಿ ಇದ್ದರೆ ಬಹುತೇಕ ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅವರು ಒಮ್ಮೆ ನಂಬಿ ಹಣ ಕೊಟ್ಟವರು.

ಗೂಗಲ್ ಸಂಸ್ಥೆಯು ಅರ್ಹ ಲಾಭರಹಿತ ಸಂಸ್ಥೆಗಳಿಗೆ ಆ್ಯಡ್ ಗ್ರಾಂಟ್ಸ್ ಎಂಬ ಯೋಜನೆಯಡಿ ತಿಂಗಳಿಗೆ 10,000 ಅಮೆರಿಕನ್ ಡಾಲರ್‌ವರೆಗಿನ ಹುಡುಕಾಟ ಜಾಹೀರಾತನ್ನು ಉಚಿತವಾಗಿ ಕೊಡುತ್ತದೆ. ಸರ್ಕಾರಿ ಸಂಸ್ಥೆಗಳು, ಆಸ್ಪತ್ರೆಗಳು, ಶಾಲೆಗಳು ಇದಕ್ಕೆ ಅರ್ಹವಲ್ಲ. ವಿದ್ಯಾರ್ಥಿ ತಂಡಗಳಿಗೆ ಇದು ಬಹಳ ಆಕರ್ಷಕವಾಗಿ ಕಾಣುತ್ತದೆ. ಆದರೆ ಇದರಲ್ಲಿ ಜಾಹೀರಾತು ನೋಡಿದವರಲ್ಲಿ ಅದನ್ನು ಒತ್ತಿದವರ ಪ್ರಮಾಣ, ಅಂದರೆ ಕ್ಲಿಕ್ ದರ, ಪ್ರತಿ ತಿಂಗಳೂ ಶೇ 5ಕ್ಕಿಂತ ಕೆಳಗಿಳಿಯಬಾರದೆಂಬ ಷರತ್ತಿದೆ. ಸತತವಾಗಿ ಎರಡು ತಿಂಗಳು ಇಳಿದರೆ ಖಾತೆ ಸ್ಥಗಿತವಾಗಬಹುದು. ಯಾರಾದರೂ ತಿಂಗಳು ತಿಂಗಳು ಕುಳಿತು ನೋಡಿಕೊಳ್ಳದಿದ್ದರೆ ಈ ಸೌಲಭ್ಯ ನೀವು ಹೋದ ಬಳಿಕ ಹೆಚ್ಚು ಕಾಲ ಬಾಳುವುದಿಲ್ಲ. ನೋಡಿಕೊಳ್ಳುವವರಿದ್ದರೆ ಮಾತ್ರ ಅರ್ಜಿ ಹಾಕಿಸಿ.

ಪ್ರಯೋಗಕ್ಕೆ ಮೂರು ವಾರ ಸಾಕು. ಆರಂಭಿಸುವ ಮೊದಲೇ ‘ಯಾವ ಫಲ ಬಂದರೆ ಮುಂದುವರಿಸುತ್ತೇವೆ, ಯಾವುದು ಬಂದರೆ ನಿಲ್ಲಿಸುತ್ತೇವೆ’ ಎಂದು ಬರೆದು ದಿನಾಂಕ ಹಾಕಿಡಿ, ಇಲ್ಲದಿದ್ದರೆ ಬಂದ ಫಲವನ್ನೇ ಗೆಲುವೆಂದು ಕರೆಯುವ ಆಸೆ ಹುಟ್ಟುತ್ತದೆ. ಅಳೆಯುವಾಗ ಹಣದ ಹತ್ತಿರವಿರುವ ಅಂಕಿಯನ್ನು ಹಿಡಿಯಿರಿ: ಖರೀದಿ, ಮರುಖರೀದಿ, ವಿಚಾರಣೆಯ ಕರೆ. ಮೆಚ್ಚುಗೆಗಳ ಸಂಖ್ಯೆಯಿಂದ ಬಾಡಿಗೆ ಕಟ್ಟಲಾಗದು. ಇಮೇಲ್ ತೆರೆದವರ ಪ್ರಮಾಣವನ್ನೂ ನಂಬಬೇಡಿ. 2021ರಲ್ಲಿ ಆ್ಯಪಲ್ ತನ್ನ ಮೇಲ್ ಆ್ಯಪ್‌ನಲ್ಲಿ ಗೋಪ್ಯತೆಯ ರಕ್ಷಣೆಯನ್ನು ತಂದ ಮೇಲೆ, ಓದುಗರು ತೆರೆಯದ ಪತ್ರಗಳೂ ತೆರೆದಂತೆ ದಾಖಲಾಗುತ್ತವೆ. ಹಾಗೆಯೇ 200 ಮಂದಿಯನ್ನು ಎರಡು ಗುಂಪು ಮಾಡಿ ಎರಡು ಬಗೆಯ ಪತ್ರ ಕಳುಹಿಸಿದಾಗ, ಒಂದರಿಂದ 5 ಖರೀದಿ, ಇನ್ನೊಂದರಿಂದ 8 ಖರೀದಿ ಬಂದರೆ ಎರಡನೆಯದು ಉತ್ತಮ ಎಂದು ತೀರ್ಮಾನಿಸಲಾಗದು. ಅಷ್ಟು ಸಣ್ಣ ಸಂಖ್ಯೆಯಲ್ಲಿ ಅದು ಆಕಸ್ಮಿಕವೂ ಆಗಿರಬಹುದು. ಅಂಥ ಕಡೆ ಆ 13 ಗ್ರಾಹಕರಿಗೆ ಫೋನ್ ಮಾಡಿ ಏಕೆ ಕೊಂಡಿರೆಂದು ಕೇಳುವುದೇ ಹೆಚ್ಚು ಫಲದಾಯಕ.

ಹಂತ 8: ಸಲಹೆಯನ್ನು ಮಂಡಿಸುವುದು ಮತ್ತು ಕೈಗೊಪ್ಪಿಸುವುದು

ಅಂತಿಮ ಸಭೆಯಲ್ಲಿ ಯಾರಿಗೂ ಆಶ್ಚರ್ಯವಾಗಬಾರದು. ಮುಖ್ಯ ತೀರ್ಮಾನಗಳನ್ನು, ಅದರಲ್ಲೂ ಕಹಿಯಾದವನ್ನು, ಒಂದು ವಾರ ಮೊದಲೇ ನಿರ್ದೇಶಕರೊಂದಿಗೆ ಖಾಸಗಿಯಾಗಿ ಚರ್ಚಿಸಿ. ವರ್ಷಗಟ್ಟಲೆ ದುಡಿದವರ ಎದುರು, ಅವರ ಆಡಳಿತ ಮಂಡಳಿಯ ಮುಂದೆ, ಹನ್ನೆರಡು ವಾರಗಳ ಪರಿಚಯದವರು ತಪ್ಪುಗಳ ಪಟ್ಟಿ ಓದಿದರೆ ಒಳ್ಳೆಯ ಸಲಹೆಯೂ ನೆಲಕಚ್ಚುತ್ತದೆ. ಸಲಹೆಗಳು ಮೂರನ್ನು ಮೀರದಿರಲಿ. ಪ್ರತಿಯೊಂದರ ಪಕ್ಕದಲ್ಲಿ ಮಾಡುವವರ ಹೆಸರು, ತಗಲುವ ಗಂಟೆಗಳು, ಖರ್ಚು ಮತ್ತು ಮೊದಲ ಹೆಜ್ಜೆಯನ್ನು ಬರೆಯಿರಿ. ನಿಮ್ಮ ಪ್ರಯೋಗ ಸೋತಿದ್ದರೆ ಸೋತಿತೆಂದೇ ಬರೆಯಿರಿ, ಮುಂದಿನ ತಂಡ ಅದೇ ದಾರಿಯಲ್ಲಿ ಹೋಗುವುದು ತಪ್ಪುತ್ತದೆ.

ಕೈಗೊಪ್ಪಿಸುವ ಕೆಲಸವನ್ನು ಕೊನೆಯ ದಿನಕ್ಕೆ ಬಿಡಬೇಡಿ, ಕೊನೆಯ ಎರಡು ವಾರಗಳನ್ನು ಅದಕ್ಕೇ ಇಡಿ. ನೀವು ತೆರೆದ ಪ್ರತಿಯೊಂದು ಖಾತೆಯೂ ಮೊದಲ ದಿನದಿಂದಲೇ ಸಂಸ್ಥೆಯ ಇಮೇಲ್ ವಿಳಾಸದ ಹೆಸರಿನಲ್ಲಿ ಇರಬೇಕು. ಪದವಿ ಮುಗಿಸಿ ಹೋದ ವಿದ್ಯಾರ್ಥಿಯ ಖಾಸಗಿ ಖಾತೆಗೆ ಅಂಟಿಕೊಂಡ ಪುಟಗಳಿಂದಾಗಿ ಸಂಸ್ಥೆಗಳು ಪಡುವ ಪಾಡು ಸಣ್ಣದಲ್ಲ. ವಿನ್ಯಾಸಗಳನ್ನು ಸಂಸ್ಥೆಯ ಬಳಿ ಇರುವ ತಂತ್ರಾಂಶದಲ್ಲೇ, ತಿದ್ದಲು ಬರುವ ರೂಪದಲ್ಲಿ ಕೊಡಿ. ಪ್ರತಿ ಕೆಲಸಕ್ಕೂ ಒಂದೊಂದು ಪುಟದ ಸೂಚನೆಯನ್ನು ಸಿಬ್ಬಂದಿ ದಿನನಿತ್ಯ ಆಡುವ ಭಾಷೆಯಲ್ಲಿ ಬರೆಯಿರಿ. ಬಳಿಕ ಆ ಸಿಬ್ಬಂದಿಯನ್ನೇ ಕಂಪ್ಯೂಟರ್ ಮುಂದೆ ಕೂರಿಸಿ, ಸೂಚನೆಯ ಪುಟವನ್ನು ಅವರ ಕೈಗೆ ಕೊಟ್ಟು, ನೀವು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ನಿಲ್ಲಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ಪುಟವನ್ನು ತಿದ್ದಿ. ಅವರು ಯಾರನ್ನೂ ಕೇಳದೆ ಒಂದು ಪತ್ರವನ್ನು ಗ್ರಾಹಕರ ಪಟ್ಟಿಗೆ ಕಳುಹಿಸಿ, ಬಂದ ಬೇಡಿಕೆಯನ್ನು ಲೆಕ್ಕದ ಹಾಳೆಯಲ್ಲಿ ದಾಖಲಿಸಿದ ದಿನ ನಿಮ್ಮ ಕೆಲಸ ಮುಗಿಯಿತು.

ಮೂರು ತಿಂಗಳ ಬಳಿಕದ ಒಂದು ದಿನಾಂಕವನ್ನು ಈಗಲೇ ಗುರುತು ಹಾಕಿಕೊಂಡು, ತಂಡದ ಯಾರಾದರೊಬ್ಬರು ಆ ದಿನ ಸಂಸ್ಥೆಗೆ ಕರೆ ಮಾಡುವ ಹೊಣೆ ಹೊರಲಿ. ಅಂಕಪಟ್ಟಿ ಬಂದಾದ ಮೇಲೆ ಮಾಡುವ ಆ ಕರೆಯಲ್ಲಿ ಎರಡೇ ಪ್ರಶ್ನೆ ಕೇಳಿ: ನಾವು ಕೊಟ್ಟಿದ್ದರಲ್ಲಿ ಇಂದಿಗೂ ಬಳಸುತ್ತಿರುವುದು ಯಾವುದು, ಬಿಟ್ಟಿದ್ದು ಯಾವುದು? ಉತ್ತರವನ್ನು ಬರೆದು ನಿಮ್ಮ ಮುಂದಿನ ವರ್ಷದ ತಂಡಕ್ಕೆ ಕೊಡಿ.